ಮಂಗನ ಪ್ರತಿ, ನಮ್ಮ ಪಾಠ

(ಮಲೆನಾಡಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಂಗನ ಕಾಯಿಲೆ ಅಂದರೆ ಏನು ಅಂತ ಈ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದರ ಜೊತೆಗೇ ಸೌದೆ, ಸೊಪ್ಪು ಅಂತ ಕಾಡಿಗೆ ಹೋಗಿಬಂದವರಿಗೆ ಜ್ವರ ಹಿಡಿಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದರು. ಸತ್ತ ಮಂಗಗಳಲ್ಲೂ ಜ್ವರ ಬಂದ ಜನರಲ್ಲೂ ಒಂದೇ ವೈರಸ್ ಸಿಕ್ಕಿತು. ಅದನ್ನು ಹೊತ್ತು ತಿರುಗುತ್ತಿದ್ದದ್ದು ಉಣುಗು.

ಕಾಯಿಲೆಯ ಹೆಸರು ಮಾತ್ರ ಮಂಗನ ತಲೆಗೆ ಬಂತು. ಈ ಹೆಸರು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಕಾಡಿನ ಇಲಿ, ಮೂಗಿಲಿಗಳ ಮೈಯಲ್ಲೂ ಈ ವೈರಸ್ ಇರುತ್ತದೆ, ಅವು ಓಡಾಡಿಕೊಂಡೇ ಇರುತ್ತವೆ. ದನದ ಮೈಗೆ ಉಣುಗು ಮುತ್ತಿಕೊಂಡರೂ ದನ ಈ ಜ್ವರಕ್ಕೆ ಮಲಗುವುದಿಲ್ಲ. ಸಾಯುವುದು ಮುಸಿಯ ಮತ್ತು ಕೋತಿ. ನರಳುವುದು ನಾವು. ಮಂಗ ಇಲ್ಲಿ ಕಾಯಿಲೆ ತಂದವನಲ್ಲ, ನಮಗಿಂತ ಮೊದಲು ಕಾಯಿಲೆ ಬಿದ್ದವನು. ಇಂದಿಗೂ ಕಾಡಂಚಿನಲ್ಲಿ ಮಂಗ ಸತ್ತರೆ ಆರೋಗ್ಯ ಇಲಾಖೆಗೆ ತಿಳಿಸಿ ಅನ್ನುವುದು ಅದಕ್ಕೇ ಅಲ್ವಾ?

ನಾವೂ ಅವೂ ಅಷ್ಟು ಹತ್ತಿರ. ಆ ಹತ್ತಿರವನ್ನು ಈಗ ಅಕ್ಷರ ಅಕ್ಷರವಾಗಿ ಓದುತ್ತಿದ್ದಾರೆ. ಹಾಗೆ ಓದಿದ್ದು ಆಸ್ಪತ್ರೆಯಲ್ಲಿ ಕೂತಿರುವ ಒಂದು ಮಗುವಿನ ತಾಯಿಗೆ ಹೇಗೆ ಉಪಯೋಗಕ್ಕೆ ಬರುತ್ತದೆ ಅನ್ನುವುದನ್ನು ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ನನ್ನ ಕೆಲಸ ಜೀನ್ ಪರೀಕ್ಷೆಯ ವರದಿ ಓದುವುದು. ಒಂದು ದಿನ ಒಬ್ಬ ತಾಯಿ ಬಂದರು. ಮಗುವಿಗೆ ಪದೇ ಪದೇ ಫಿಟ್ಸ್ ಬರುತ್ತಿತ್ತು. ಅದಾಗಲೇ ಒಂದು ಕಡೆ ಪರೀಕ್ಷೆ ಮಾಡಿಸಿದ್ದರು. ವರದಿಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೇಜಿನ ಮೇಲೆ ಇಟ್ಟರು. ಮಡಚಿ ಮಡಚಿ ಅದರ ಗೆರೆ ಹರಿದು ಹೋಗುವ ಹಾಗಿತ್ತು. ಒಂದು ಸಾಲಿನ ಕೆಳಗೆ ಯಾರೋ ಪೆನ್ನಿನಿಂದ ಗೆರೆ ಎಳೆದಿದ್ದರು: 'ವೇರಿಯಂಟ್ ಆಫ್ ಅನ್‌ಸರ್ಟನ್ ಸಿಗ್ನಿಫಿಕೆನ್ಸ್'. ನಮ್ಮ ಕೆಲಸದವರು ಇದನ್ನು ವಿಯುಎಸ್ ಅಂತ ಕರೆಯುತ್ತೇವೆ. ಜೀನಿನಲ್ಲಿ ಒಂದು ಬದಲಾವಣೆ ಸಿಕ್ಕಿದೆ, ಅದು ಕಾಯಿಲೆಗೆ ಕಾರಣವೋ ಅಲ್ಲವೋ ಹೇಳಲಾಗದು ಅಂತ ಅರ್ಥ.

'ಅಷ್ಟು ದುಡ್ಡು ಕೊಟ್ಟು ಮಾಡಿಸಿದ್ದು. ಗೊತ್ತಿಲ್ಲ ಅಂತ ಬರೆದು ಕೊಟ್ಟಿದ್ದಾರಲ್ಲ ಸರ್' ಅಂದರು. ಅವರ ಮಾತು ಸರಿಯಾಗಿಯೇ ಇತ್ತು.

ಯಾಕೆ ಹೀಗಾಗುತ್ತದೆ? ನಮ್ಮ ಜೀನೋಮ್ ಅಂದರೆ ಸುಮಾರು 300 ಕೋಟಿ ಅಕ್ಷರಗಳ ಬರಹ. ಅದರಲ್ಲಿ ಪ್ರೋಟೀನ್ ತಯಾರಿಸುವ ಭಾಗ ಸಣ್ಣದು. ಆ ಸಣ್ಣ ಭಾಗದಲ್ಲೇ ಒಂದೊಂದು ಅಕ್ಷರ ಬದಲಾದರೆ ಪ್ರೋಟೀನ್ ಅನ್ನುವ ಸರದ ಒಂದೊಂದು ಮಣಿ, ಅಂದರೆ ಅಮೈನೋ ಆಮ್ಲ, ಬದಲಾಗುವ ಸಾಧ್ಯತೆಗಳು ಏಳು ಕೋಟಿಗೂ ಹೆಚ್ಚು. ಇಲ್ಲಿ ಕೂತಿರುವ ಪ್ರತಿಯೊಬ್ಬರ ಮೈಯಲ್ಲೂ ಅಂಥ ಬದಲಾವಣೆಗಳು ಸಾವಿರಾರು ಇವೆ. ಆದರೂ ನೀವು ಚೆನ್ನಾಗೇ ಇದ್ದೀರಿ. 'ಹೋಗುತ್ತೇನೆ' ಅನ್ನುವುದನ್ನು 'ಹೋಗ್ತೇನೆ' ಅಂತ ಬರೆದರೆ ಏನೂ ಕೆಡುವುದಿಲ್ಲ. 'ಹಾಲು' ಅನ್ನುವುದನ್ನು 'ಹಾಳು' ಅಂತ ಬರೆದರೆ ಮಾತೇ ಕೆಟ್ಟಿತು. ಮಗುವಿನ ವರದಿಯಲ್ಲಿ ಸಿಕ್ಕಿದ್ದು 'ಹೋಗ್ತೇನೆ'ಯೋ 'ಹಾಳೋ'? ಬರಹದ ಭಾಷೆ ನಮಗೆ ಪೂರ್ತಿ ಬರುವುದಿಲ್ಲ. ಸುಮ್ನೆ ಅಕ್ಷರ ನೋಡಿ ತೀರ್ಮಾನ ಹೇಳಲು ಆಗುವುದಿಲ್ಲ.

ಹಳಗನ್ನಡದ ಕಾವ್ಯ ಸಂಪಾದಿಸುವವರಿಗೆ ಈ ತೊಂದರೆ ಗೊತ್ತು. ಓಲೆಗರಿಯಲ್ಲಿ ಒಂದು ಪದ ವಿಚಿತ್ರವಾಗಿ ಕಂಡರೆ ಅವರು ಏನು ಮಾಡುತ್ತಾರೆ? ಬೇರೆ ಪ್ರತಿ ಹುಡುಕುತ್ತಾರೆ. ಇನ್ನೊಂದು ಮಠದ ಕಟ್ಟು, ಮತ್ತೊಂದು ಮನೆಯ ಅಟ್ಟದಲ್ಲಿದ್ದ ಕಟ್ಟು. ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಪಾಠಾಂತರ ನೋಡುತ್ತಾರೆ. ಎಲ್ಲ ಪ್ರತಿಯಲ್ಲೂ ಒಂದೇ ಪದ ಇದ್ದರೆ ಅದನ್ನು ಮುಟ್ಟಬಾರದು. ಬೇರೆ ಬೇರೆ ಪ್ರತಿಯಲ್ಲಿ ಬೇರೆ ಬೇರೆ ಪದ ಇದ್ದೂ ಅರ್ಥ ಕೂಡಿದರೆ ಅಲ್ಲಿ ಸ್ವಲ್ಪ ಸಡಿಲ ಇದೆ ಅಂತ ಲೆಕ್ಕ.

ಹಾಗಾದರೆ ಮನುಷ್ಯರದ್ದೇ 800 ಕೋಟಿ ಪ್ರತಿ ಇವೆಯಲ್ಲ, ಸಾಲದೇ ಅಂತ ಕೇಳಬಹುದು. ತೊಡಕು ಇರುವುದೇ ಅಲ್ಲಿ. ನಾವು ಎಣಿಕೆಯಲ್ಲಿ ಜಾಸ್ತಿ ಇದ್ದೇವೆ, ಒಳಗಿನ ವೈವಿಧ್ಯದಲ್ಲಿ ಬಡವರು. ನಮ್ಮ ಪೂರ್ವಿಕರ ಸಂಖ್ಯೆ ತುಂಬ ಕಾಲ ಬಹಳ ಕಡಿಮೆ ಇತ್ತು. ಆ ಸಣ್ಣ ಗುಂಪಿನಿಂದ ನಾವು ಇಷ್ಟು ಜನ ಬೇಗ ಬೇಗ ಹರಡಿಕೊಂಡೆವು. ಹಾಗಾಗಿ ನಮ್ಮ 800 ಕೋಟಿ ಪ್ರತಿಗಳೂ ಮೊನ್ನೆ ಮೊನ್ನೆ ಒಂದೇ ಮಠದ ಒಂದೇ ಕಟ್ಟಿನಿಂದ ನಕಲಾದ ಹಾಗೆ. ಎಷ್ಟು ತಿರುವಿದರೂ ಹೆಚ್ಚಿನ ಪಾಠಾಂತರ ಸಿಗುವುದಿಲ್ಲ. ಬೇರೆ ಮಠದ ಕಟ್ಟು ಬೇಕು. ಆ ಕಟ್ಟು ಇರುವುದು ಮಂಗಗಳ ಹತ್ತಿರ.

2023ರ ಜೂನ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಬಗ್ಗೆ ಒಂದು ಗೊಂಚಲು ಲೇಖನಗಳು ಬಂದವು. 233 ಜಾತಿಯ, 809 ವಾನರಗಳ ಜೀನೋಮ್ ಓದಿದ್ದರು. ಚಿಂಪಾಂಜಿ, ಗೊರಿಲ್ಲಾದಿಂದ ಹಿಡಿದು ಮಡಗಾಸ್ಕರಿನ ಲೀಮರ್‌ವರೆಗೆ, ವಾನರಗಳ 16 ಕುಟುಂಬಗಳಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಬಾರ್ಸಿಲೋನಾದ ತೋಮಾಸ್ ಮಾರ್ಕೇಸ್-ಬೊನೆಟ್, ಟೆಕ್ಸಾಸ್‌ನ ಬೇಲರ್ ವೈದ್ಯಕೀಯ ಕಾಲೇಜಿನ ಜೆಫ್ರಿ ರೋಜರ್ಸ್, ಇಲ್ಯುಮಿನಾ ಕಂಪನಿಯ ಕೈಲ್ ಫಾರ್ ಇದರ ಮುಂದಾಳುಗಳು. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಗೋವಿಂದಸ್ವಾಮಿ ಉಮಾಪತಿ ಅವರೂ ಈ ಬಳಗದಲ್ಲಿದ್ದರು. ನಮ್ಮ ದೇಶದ ಮಂಗಗಳೂ ಈ ಓದಿನಲ್ಲಿ ಸೇರಿವೆ.

ಅವರು ಮಾಡಿದ ಲೆಕ್ಕ ತುಂಬ ಸರಳ. ಒಂದು ಜಾತಿಯ ಮಂಗಗಳಲ್ಲಿ ಒಂದು ಬದಲಾವಣೆ ಸಾಮಾನ್ಯವಾಗಿ ಕಂಡುಬರುತ್ತಿದೆ ಅಂದುಕೊಳ್ಳಿ. ಆ ಬದಲಾವಣೆ ಹೊತ್ತ ಮಂಗಗಳು ಹುಟ್ಟಿ, ಬೆಳೆದು, ಮರಿ ಹಾಕಿ, ಅದನ್ನು ಮುಂದಕ್ಕೆ ಕೊಟ್ಟಿವೆ. ಜೀವಕ್ಕೆ ಕೇಡಾಗುವಂಥದ್ದಾಗಿದ್ದರೆ ಅದು ಅಷ್ಟು ಹರಡುತ್ತಿರಲಿಲ್ಲ. ಅದೇ ಬದಲಾವಣೆ ಮನುಷ್ಯನ ಅದೇ ಜೀನಿನ ಅದೇ ಜಾಗದಲ್ಲಿ ಬಂದರೆ ಅದೂ ಬಹುಶಃ ಕೇಡಿನದ್ದಲ್ಲ. ಹೀಗೆ ಹುಡುಕಿದಾಗ 43 ಲಕ್ಷ ಬದಲಾವಣೆಗಳು ಸಿಕ್ಕವು. ಆಗಬಹುದಾದ ಏಳು ಕೋಟಿಯಲ್ಲಿ ಸುಮಾರು ನೂರಕ್ಕೆ ಆರು. ಆಮೇಲೆ ಇವನ್ನೇ ಪಾಠವಾಗಿ ಕೊಟ್ಟು ಒಂದು ಕಂಪ್ಯೂಟರ್ ಪ್ರೋಗ್ರಾಂಗೆ ಕಲಿಸಿದರು. ಅದರ ಹೆಸರು ಪ್ರೈಮೇಟ್‌ಎಐ-3ಡಿ. ಪ್ರೋಟೀನ್ ಹೇಗೆ ಮಡಚಿಕೊಂಡಿದೆ ಅನ್ನುವುದನ್ನೂ ನೋಡಿಕೊಂಡು ಉಳಿದ ಬದಲಾವಣೆಗಳಲ್ಲಿ ಯಾವುದು ಅಪಾಯ, ಯಾವುದು ಅಲ್ಲ ಅಂತ ಅದು ಅಂದಾಜು ಹೇಳುತ್ತದೆ.

ಈಗ ಆ ತಾಯಿಯ ವರದಿಗೆ ಬರೋಣ. ನನ್ನ ಕಂಪ್ಯೂಟರ್ ಪರದೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಮೇಲಿನ ಸಾಲು ಮನುಷ್ಯನದ್ದು. ಅದರ ಕೆಳಗೆ ಚಿಂಪಾಂಜಿ. ಆಮೇಲೆ ಗೊರಿಲ್ಲಾ, ಒರಾಂಗುಟಾನ್, ಗಿಬ್ಬನ್. ಇನ್ನೂ ಕೆಳಗೆ ಕೋತಿಗಳು, ಮುಸಿಯಗಳು, ದಕ್ಷಿಣ ಅಮೆರಿಕದ ಮಂಗಗಳು, ಕೊನೆಗೆ ಕಾಡುಪಾಪ, ಲೀಮರ್. ಸಾಲು ಸಾಲಾಗಿ ಅಕ್ಷರಗಳು. ಮಗುವಿನ ಬದಲಾವಣೆ ಇರುವ ಕಾಲಮ್ಮಿನ ಮೇಲೆ ಬೆರಳಿಟ್ಟು ನಿಧಾನವಾಗಿ ಕೆಳಗೆ ಜಾರಿಸಬೇಕು. ಉಳಿದ ಮನುಷ್ಯರಲ್ಲಿ ಆ ಜಾಗದಲ್ಲಿ ಇರುವುದು ಗ್ಲೈಸೀನ್ ಅನ್ನುವ ಅಮೈನೋ ಆಮ್ಲ, ಮಗುವಿನಲ್ಲಿ ಅದು ಸೆರೀನ್ ಅನ್ನುವ ಇನ್ನೊಂದು ಆಗಿದೆ. ಚಿಂಪಾಂಜಿ, ಗ್ಲೈಸೀನ್. ಗೊರಿಲ್ಲಾ, ಗ್ಲೈಸೀನ್. ಹೀಗೇ ಕೊನೆಯವರೆಗೆ ಹೋದರೆ ನನ್ನ ಎದೆ ಭಾರವಾಗುತ್ತದೆ. ಆರೇಳು ಕೋಟಿ ವರ್ಷದಿಂದ ಯಾರೂ ಮುಟ್ಟದ ಜಾಗ ಅದು.

ಅವತ್ತು ಹಾಗಾಗಲಿಲ್ಲ. ಮುಸಿಯದ ನೆಂಟರ ಒಂದು ಜಾತಿಯಲ್ಲಿ ಬೆರಳು ನಿಂತಿತು. ಸೆರೀನ್. ಇನ್ನೊಂದು ಮಂಗ, ಅಲ್ಲೂ ಸೆರೀನ್. ಮರದಿಂದ ಮರಕ್ಕೆ ಹಾರಿಕೊಂಡು, ಚಿಗುರು ತಿಂದುಕೊಂಡು, ಮರಿ ಸಾಕಿದ ಮಂಗಗಳು.

ಇದರಿಂದ ಮಗುವಿಗೆ ಗುಣವಾಯಿತು ಅಂತ ನಾನು ಹೇಳುವುದಿಲ್ಲ. ಆ ಬದಲಾವಣೆ ಬಹುಶಃ ಕಾರಣ ಅಲ್ಲ ಅಂತ ಗೊತ್ತಾಯಿತು, ಅಷ್ಟೇ. ಕಾರಣವನ್ನು ಬೇರೆ ಕಡೆ ಹುಡುಕಬೇಕಾಯಿತು. ಆದರೆ ಅಷ್ಟಕ್ಕೇ ಎಷ್ಟೋ ಉಪಯೋಗ ಇದೆ. ತಪ್ಪು ಬದಲಾವಣೆಯನ್ನು ಕಾರಣ ಅಂತ ನಂಬಿ ಮುಂದಿನ ಬಸಿರಿನಲ್ಲಿ ಅದನ್ನೇ ಪರೀಕ್ಷೆ ಮಾಡಿಸಿ, ಒಳ್ಳೆಯ ಮಗುವನ್ನು ಕಳೆದುಕೊಳ್ಳುವ ಸಂಕಟ ಸಣ್ಣದಲ್ಲ.

ನಮ್ಮ ದೇಶದವರಿಗೆ ಇದು ಇನ್ನೂ ಮುಖ್ಯ. ಪ್ರಪಂಚದ ಜೀನ್ ಸಂಗ್ರಹಗಳಲ್ಲಿ ಇರುವ ಮಾಹಿತಿ ಹೆಚ್ಚಾಗಿ ಯುರೋಪ್ ಮೂಲದ ಜನರದ್ದು. ಅಲ್ಲಿ ಕಾಣದ ಬದಲಾವಣೆ ನಮ್ಮವರಲ್ಲಿ ಸಿಕ್ಕರೆ ವರದಿಯಲ್ಲಿ 'ಅಪರೂಪದ್ದು, ಅನುಮಾನ' ಅಂತ ಬಂದುಬಿಡುತ್ತದೆ. ಎಷ್ಟೋ ಸಲ ಅದು ನಮ್ಮ ಕಡೆ ಸಾಮಾನ್ಯವೇ ಇರುತ್ತದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದುವ ಗುರಿ ಇಟ್ಟುಕೊಂಡದ್ದು ಈ ಕೊರತೆ ತುಂಬಲಿಕ್ಕೆ. ಮಂಗನ ಪ್ರತಿಗೆ ಆ ಭೇದವೇ ಇಲ್ಲ. ಯುರೋಪಿನವರಿಗೆ ಎಷ್ಟು ದೂರವೋ ನಮಗೂ ಅಷ್ಟೇ ದೂರ, ಅಷ್ಟೇ ಹತ್ತಿರ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. 2007ರಲ್ಲಿ ರೀಸಸ್ ಕೋತಿಯ ಜೀನೋಮ್ ಹೊರಬಂತು. ರೀಸಸ್ ಅಂದರೆ ಉತ್ತರ ಭಾರತದಲ್ಲಿ ಗುಡಿ, ಸ್ಟೇಷನ್‌ಗಳ ಹತ್ತಿರ ಕಾಣುವ ಕೋತಿ. ಮನುಷ್ಯನಲ್ಲಿ ಕಾಯಿಲೆ ತರುವ ಇನ್ನೂರಕ್ಕೂ ಹೆಚ್ಚು ಅಕ್ಷರಗಳು ಆ ಕೋತಿಯಲ್ಲೋ ನಮ್ಮ ಬೇರೆ ಹತ್ತಿರದ ನೆಂಟರಲ್ಲೋ ಮಾಮೂಲಿ ಅಕ್ಷರಗಳಾಗಿದ್ದವು. ಪಿಕೆಯು ಅಂತ ಒಂದು ಕಾಯಿಲೆ ಇದೆ. ಊಟದಲ್ಲಿನ ಒಂದು ಅಮೈನೋ ಆಮ್ಲವನ್ನು ಅರಗಿಸಲಾಗದೆ ಮಗುವಿನ ಮಿದುಳು ಹಾಳಾಗುತ್ತದೆ. ಅದಕ್ಕೆ ಸಂಬಂಧಪಟ್ಟ ಜೀನಿನಲ್ಲೂ ಹೀಗೇ ಇತ್ತು. ಕೋತಿ ಹೇಗೆ ಆರೋಗ್ಯವಾಗಿದೆ? ಅದೇ ಬರಹದ ಬೇರೆ ಎಲ್ಲೋ ಇನ್ನೊಂದು ಅಕ್ಷರ ಬದಲಾಗಿ ಇದನ್ನು ಸರಿದೂಗಿಸಿರಬಹುದು. ಹಾಗಾಗಿ ಮಂಗನ ಸಾಕ್ಷಿ ಒಂದನ್ನೇ ಹಿಡಿದು ತೀರ್ಪು ಕೊಡಬಾರದು. ಅಪ್ಪ ಅಮ್ಮನ ಜೀನ್, ಕಾಯಿಲೆಯ ಲಕ್ಷಣ, ಬೇರೆ ಪರೀಕ್ಷೆ, ಎಲ್ಲ ಕೂಡಿಸಿ ನೋಡಬೇಕು. ನಮ್ಮ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲ ವಾರ ಹೇಳುವುದೇ ಇದನ್ನು.

ಇಷ್ಟು ಹೊತ್ತು ಮಂಗನಿಗೂ ನಮಗೂ ಒಂದೇ ಇರುವುದರ ಬಗ್ಗೆ ಹೇಳಿದೆ. ಬೇರೆ ಇರುವುದರಿಂದಲೂ ಕಲಿಯುವುದು ಬಹಳ ಇದೆ. ನನಗೆ ಅತ್ಯಂತ ಇಷ್ಟವಾದ ಕಥೆ ಅಜಿತ್ ವರ್ಕಿ ಅವರದ್ದು.

ವರ್ಕಿ ವೆಲ್ಲೂರಿನ ಸಿಎಂಸಿಯಲ್ಲಿ ಓದಿದ ವೈದ್ಯರು. ಆಮೇಲೆ ಅಮೆರಿಕದ ಸ್ಯಾನ್ ಡಿಯಾಗೊಗೆ ಹೋದರು. 1980ರ ದಶಕದಲ್ಲಿ ಒಬ್ಬ ರೋಗಿಗೆ ಮೂಳೆಮಜ್ಜೆಯ ಕಾಯಿಲೆಗಾಗಿ ಕುದುರೆಯ ಸೀರಮ್ ಕೊಟ್ಟರು. ರೋಗಿಯ ಮೈ ಅದರ ವಿರುದ್ಧ ತಿರುಗಿಬಿತ್ತು. ಯಾಕೆ ಅಂತ ಹುಡುಕುತ್ತಾ ಹೋದವರು ಒಂದು ಸಕ್ಕರೆ ಅಣುವಿನ ಹತ್ತಿರ ಬಂದು ನಿಂತರು. ನಮ್ಮ ಪ್ರತಿ ಜೀವಕೋಶದ ಹೊರಮೈಗೆ ಸಿಯಾಲಿಕ್ ಆಮ್ಲ ಅನ್ನುವ ಸಕ್ಕರೆ, ಹಲಸಿನ ಹಣ್ಣಿನ ಮುಳ್ಳಿನ ಹಾಗೆ, ದಟ್ಟವಾಗಿ ಅಂಟಿಕೊಂಡಿರುತ್ತದೆ. ಕುದುರೆ, ದನ, ಚಿಂಪಾಂಜಿಗಳಲ್ಲಿ ಅದು ಎರಡು ಬಗೆ. ಮನುಷ್ಯನ ಜೀವಕೋಶ ತಯಾರಿಸುವುದು ಒಂದೇ ಬಗೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಆಮ್ಲಜನಕದ ಪರಮಾಣು. ಆ ಪರಮಾಣುವನ್ನು ಸೇರಿಸುವ ಜೀನಿನ ಹೆಸರು ಸಿಎಂಎಎಚ್. ಇಪ್ಪತ್ತು ಮೂವತ್ತು ಲಕ್ಷ ವರ್ಷದ ಹಿಂದೆ ನಮ್ಮ ಪೂರ್ವಿಕರಲ್ಲಿ ಆ ಜೀನಿನ 92 ಅಕ್ಷರಗಳ ಒಂದು ತುಂಡು ಬಿದ್ದುಹೋಯಿತು. ಅಂದಿನಿಂದ ಅದು ಕೆಲಸ ನಿಲ್ಲಿಸಿದೆ. ಚಿಂಪಾಂಜಿಯಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ.

ಒಂದು ಪರಮಾಣು ಹೋದರೆ ಏನು ಮಹಾ ಅನ್ನಿಸಬಹುದು. ಟೈಫಾಯ್ಡ್ ನೋಡಿ. ಅದರ ಬ್ಯಾಕ್ಟೀರಿಯಾ ಬಿಡುವ ವಿಷ ಅಂಟಿಕೊಳ್ಳುವುದು ನಮ್ಮ ಬಗೆಯ ಸಕ್ಕರೆಗೆ, ಇನ್ನೊಂದು ಬಗೆಗೆ ಅಂಟುವುದಿಲ್ಲ. ಇದು 2014ರಲ್ಲಿ ಗೊತ್ತಾಯಿತು. ಟೈಫಾಯ್ಡ್ ಮನುಷ್ಯನನ್ನೇ ಯಾಕೆ ಹೀಗೆ ಕಾಡುತ್ತದೆ ಅನ್ನುವುದಕ್ಕೆ ಇದು ಒಂದು ಉತ್ತರ. ಮಲೇರಿಯಾ ನೋಡಿ. ಚಿಂಪಾಂಜಿಯ ಮಲೇರಿಯಾ ಪರಾವಲಂಬಿ ಅದರ ಸಕ್ಕರೆಯನ್ನು ಹುಡುಕುತ್ತದೆ, ನಮ್ಮನ್ನು ಕೊಲ್ಲುವ ಫಾಲ್ಸಿಪಾರಮ್ ನಮ್ಮ ಸಕ್ಕರೆಯನ್ನು. ಆ ಹಳೆಯ ಮಲೇರಿಯಾದಿಂದ ನಮ್ಮ ಪೂರ್ವಿಕರು ತಪ್ಪಿಸಿಕೊಂಡದ್ದೇ ಈ ಜೀನ್ ಕಳೆದುಕೊಂಡದ್ದರಿಂದ ಇರಬಹುದು, ಆಮೇಲೆ ಹೊಸದೊಂದು ನಮ್ಮನ್ನು ಹುಡುಕಿಕೊಂಡು ಬಂತು ಅನ್ನುವುದು ವರ್ಕಿ ಬಳಗದ ವಿಚಾರ. ಇನ್ನೊಂದು ಸೋಜಿಗ ಕೇಳಿ. ದಕ್ಷಿಣ ಅಮೆರಿಕದ ಮಂಗಗಳು ಕೂಡ, ನಮ್ಮ ಈ ನಷ್ಟಕ್ಕೆ ಸಂಬಂಧವೇ ಇಲ್ಲದೆ, ತುಂಬ ಹಿಂದೆಯೇ ಇದೇ ಜೀನ್ ಕಳೆದುಕೊಂಡಿವೆ. ಅಲ್ಲಿನ ಗೂಬೆಗಣ್ಣಿನ ಏಯೋಟಸ್ ಮಂಗಕ್ಕೆ ನಮ್ಮ ಫಾಲ್ಸಿಪಾರಮ್ ತಗಲುತ್ತದೆ. ಮಲೇರಿಯಾ ಲಸಿಕೆಯ ಸಂಶೋಧನೆಯಲ್ಲಿ ಆ ಮಂಗವನ್ನು ಬಳಸುತ್ತಾ ಬಂದಿದ್ದಾರೆ.

ಹೃದಯದ ವಿಷಯವೂ ಇದೆ. ಸೆರೆಯಲ್ಲಿರುವ ಚಿಂಪಾಂಜಿಗಳು ಹೃದಯದ ಕಾಯಿಲೆಯಿಂದಲೇ ಜಾಸ್ತಿ ಸಾಯುತ್ತವೆ. ಆದರೆ ನಮ್ಮ ಹಾಗೆ ರಕ್ತನಾಳ ಕಟ್ಟಿಕೊಂಡು ಅಲ್ಲ. ಹೃದಯದ ಸ್ನಾಯುವಿನ ನಡುವೆ ನಾರು ಬೆಳೆದು ಅದು ಗಟ್ಟಿಯಾಗುತ್ತದೆ. ಇಲಿಗಳಲ್ಲಿ ಈ ಸಿಎಂಎಎಚ್ ಜೀನ್ ತೆಗೆದುಹಾಕಿ ನೋಡಿದಾಗ ರಕ್ತನಾಳ ಕಟ್ಟಿಕೊಳ್ಳುವುದು ಸುಮಾರು ಎರಡು ಪಟ್ಟಾಯಿತು. ಇದು 2019ರ ಕೆಲಸ. ನಮ್ಮ ಹೃದಯಾಘಾತಕ್ಕೆ ಬೀಡಿ, ಎಣ್ಣೆ, ಸಕ್ಕರೆ ಕಾಯಿಲೆ ಎಲ್ಲ ಕಾರಣ ಹೌದು. ಅವುಗಳ ಅಡಿಯಲ್ಲಿ ಹೀಗೊಂದು ಹಳೆಯ ನಷ್ಟವೂ ಇದೆ ಅಂತ ಕಾಣುತ್ತದೆ.

ಏಡ್ಸ್ ಬಗ್ಗೆ ಎರಡೇ ಮಾತು. ಪಶ್ಚಿಮ ಆಫ್ರಿಕಾದ ಸೂಟಿ ಮ್ಯಾಂಗಬೆ ಮಂಗದ ವೈರಸ್ಸೇ ಮನುಷ್ಯನಿಗೆ ಬಂದು, ಏಡ್ಸ್ ತರುವ ಎರಡು ವೈರಸ್‌ಗಳಲ್ಲಿ ಒಂದಾದ ಎಚ್‌ಐವಿ-2 ಆಯಿತು. ಆ ಮಂಗ ಜೀವಮಾನವಿಡೀ ವೈರಸ್ ಹೊತ್ತರೂ ಸಾಮಾನ್ಯವಾಗಿ ಅದಕ್ಕೆ ಏಡ್ಸ್ ಬರುವುದಿಲ್ಲ. ರೀಸಸ್ ಕೋತಿಯಲ್ಲಿ ಟ್ರಿಮ್5-ಆಲ್ಫಾ ಅನ್ನುವ ಪ್ರೋಟೀನ್ ಎಚ್‌ಐವಿ-1 ಅನ್ನು ಜೀವಕೋಶದ ಬಾಗಿಲಲ್ಲೇ ತಡೆಯುತ್ತದೆ. ನಮ್ಮಲ್ಲೂ ಆ ಪ್ರೋಟೀನ್ ಇದೆ, ಕೈಲಾಗುವುದಿಲ್ಲ. ಪ್ರಯೋಗಾಲಯದಲ್ಲಿ ನಮ್ಮ ಪ್ರೋಟೀನಿನ 332ನೇ ಅಮೈನೋ ಆಮ್ಲ ಒಂದನ್ನು ಬದಲಾಯಿಸಿದರೆ ಅದೂ ತಡೆಯಲು ಶುರು ಮಾಡುತ್ತದೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ಹತ್ತಿರದಲ್ಲಿ ತಪ್ಪಿದೆ.

ಇಷ್ಟೆಲ್ಲ ತಿಳಿದದ್ದಕ್ಕೆ ಮಂಗಗಳು ಕೊಟ್ಟ ಬೆಲೆಯನ್ನೂ ಹೇಳದೆ ಹೋದರೆ ನನಗೆ ಸಮಾಧಾನ ಇರುವುದಿಲ್ಲ. 1950ರ ದಶಕದಲ್ಲಿ ಪೋಲಿಯೊ ಲಸಿಕೆಗಾಗಿ ನಮ್ಮ ದೇಶದಿಂದ ಲಕ್ಷಗಟ್ಟಲೆ ರೀಸಸ್ ಕೋತಿಗಳು ಹಡಗು, ವಿಮಾನ ಹತ್ತಿ ಹೋದವು. 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ಅದಕ್ಕೂ ಮುಂಚೆ, 1938ರಲ್ಲಿ, ಕ್ಲಾರೆನ್ಸ್ ಕಾರ್ಪೆಂಟರ್ ಅನ್ನುವವರು ಭಾರತದಿಂದ ಸುಮಾರು 400 ಕೋತಿಗಳನ್ನು ಒಯ್ದು ಪೋರ್ಟೊರಿಕೊ ಹತ್ತಿರದ ಕಾಯೊ ಸಾಂಟಿಯಾಗೊ ಅನ್ನುವ ಪುಟ್ಟ ದ್ವೀಪದಲ್ಲಿ ಬಿಟ್ಟರು. ಅವುಗಳ ಸಂತತಿ ಈಗಲೂ ಅಲ್ಲಿದೆ. ಅಲ್ಲಿ ಬೋನಿಲ್ಲ. ಹುಟ್ಟಿದ ಪ್ರತಿ ಮರಿಯ ಲೆಕ್ಕ ಇದೆ. 2017ರಲ್ಲಿ ಮರಿಯಾ ಚಂಡಮಾರುತ ಆ ದ್ವೀಪದ ಮರಗಿಡಗಳಲ್ಲಿ ಹೆಚ್ಚಿನವನ್ನು ಹಾಳುಮಾಡಿತು. ಚಂಡಮಾರುತದ ಮುಂಚಿನ ಮತ್ತು ನಂತರದ ರಕ್ತದಲ್ಲಿ ಯಾವ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೋಲಿಸಿದರು. ಬದುಕಿ ಉಳಿದ ಕೋತಿಗಳ ರೋಗನಿರೋಧಕ ಕಣಗಳಿಗೆ ಸರಾಸರಿ ಎರಡು ವರ್ಷ ಹೆಚ್ಚಿನ ವಯಸ್ಸಾಗಿತ್ತು. ನಮ್ಮ ಲೆಕ್ಕದಲ್ಲಿ ಏಳೆಂಟು ವರ್ಷ. ಮಡಿಕೇರಿ ಕಡೆ ಗುಡ್ಡ ಕುಸಿದು ಮನೆ ಕಳೆದುಕೊಂಡವರನ್ನು ನೋಡಿದಾಗ ನನಗೆ ಆ ಕೋತಿಗಳ ನೆನಪಾಗುತ್ತದೆ. ಒಂದು ರಾತ್ರಿಯಲ್ಲಿ ಮುದುಕರಾದರು ಅಂತ ನಾವು ಆಡುವ ಮಾತು ರಕ್ತದಲ್ಲೂ ಬರೆದಿರುತ್ತದೆ.

ವಾನರ ಕುಲದಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ನೂರಕ್ಕೆ ಅರವತ್ತು ಜಾತಿಗಳು ಅಳಿಯುವ ಅಂಚಿನಲ್ಲಿವೆ. ನಮ್ಮ ಶರಾವತಿ ಕಣಿವೆಯ ಸಿಂಗಳೀಕವೂ ಅದರಲ್ಲಿ ಒಂದು. ಅದು ಇರುವುದು ಪಶ್ಚಿಮಘಟ್ಟದಲ್ಲಿ ಮಾತ್ರ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಒಂದೇ ಒಂದು ಸಿಂಗಳೀಕದ ಜೀನೋಮ್ ಓದಿದರೆ ಸಾಲದು. ಒಂದು ಬದಲಾವಣೆ ಆ ಜಾತಿಯಲ್ಲಿ ಸಾಮಾನ್ಯವೋ ಅಲ್ಲವೋ ತಿಳಿಯಲು ಹತ್ತಾರು, ನೂರಾರು ಪ್ರಾಣಿಗಳು ಬೇಕು, ಅವೂ ಬೇರೆ ಬೇರೆ ಕಾಡಿನವು. ಕಾಡು ತುಂಡಾಗಿ ನಾಲ್ಕೇ ಗುಂಪು ಉಳಿದರೆ ಓದಲು ಪಾಠಾಂತರವೇ ಇರುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬ ರೈತರು ಎದ್ದು ನಿಂತರು. 'ಬಾಳೆ, ಏಲಕ್ಕಿ ಒಂದೂ ಉಳಿಸೋದಿಲ್ಲ ಇವು. ನೀವು ಮಂಗ ಉಳಿಸಿ ಅಂತೀರಿ' ಅಂದರು. ಅವರ ನೋವು ನಿಜ. ನಾನೂ ತೋಟದ ಮನೆಯಲ್ಲೇ ಬೆಳೆದವನು, ಡಬ್ಬ ಬಡಿಯುತ್ತಾ ಕೋತಿ ಕಾದವನು. ಕಾಡಿನೊಳಗೆ ಹಣ್ಣಿನ ಮರ ಇದ್ದಾಗ ಅವು ಇಷ್ಟು ಬರುತ್ತಿರಲಿಲ್ಲ, ನೀಲಗಿರಿ, ಅಕೇಶಿಯಾ ಹಾಕಿದ ಮೇಲೆ ತೋಟವೇ ಗತಿಯಾಯಿತು ಅಂದೆ. ಬೆಳೆ ಹಾನಿಗೆ ಸರಿಯಾದ ಪರಿಹಾರವನ್ನು ಹೊತ್ತಿಗೆ ಕೊಡದೆ ಮಂಗ ಉಳಿಸಿ ಅಂತ ರೈತರಿಗೆ ಹೇಳುವುದು ನ್ಯಾಯ ಅಲ್ಲ ಅಂತಲೂ ಹೇಳಿದೆ. ಅವರು ತಲೆ ಆಡಿಸಿದರು, ಪೂರ್ತಿ ಒಪ್ಪಲಿಲ್ಲ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೇಳಿದರು: 'ಮೊಟ್ಟಮೊದಲು ಜೀನೋಮ್ ಓದಿದ್ದು ಯಾವ ಚಿಂಪಾಂಜಿಯದ್ದು ಮಗ, ಅದು ಬದುಕಿದೆಯಾ?'

ಇಲ್ಲ ಅಜ್ಜಿ ಅಂದೆ. ಅದರ ಹೆಸರು ಕ್ಲಿಂಟ್. ಅಮೆರಿಕದ ಅಟ್ಲಾಂಟಾದ ಯರ್ಕೀಸ್ ಕೇಂದ್ರದಲ್ಲಿತ್ತು. ಅದರ ಜೀನೋಮ್ 2005ರಲ್ಲಿ ಪ್ರಕಟವಾಯಿತು. ಕ್ಲಿಂಟ್ ಅದರ ಹಿಂದಿನ ವರ್ಷವೇ ಹೃದಯದ ಕಾಯಿಲೆಯಿಂದ ಸತ್ತಿತ್ತು. ಅದರ ಜೀವಕೋಶಗಳನ್ನು ಇನ್ನೂ ಕಾಪಾಡಿ ಇಟ್ಟಿದ್ದಾರೆ.

'ವಯಸ್ಸೆಷ್ಟು?'

'ಇಪ್ಪತ್ತನಾಲ್ಕು.'

'ಸಣ್ಣ ವಯಸ್ಸು' ಅಂದು ಅವರು ಕೂತರು.